ಮೆಣಸಿನಕಾಯಿ ಗಿಡದ ನುಸಿಗೆ ಪುಡಿಯೋ, ಬಾಟಲಿಯೋ, ಗಂಧಕವೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸುಡೋಮೋನಾಸ್ ಪುಡಿಗೆ, ಅಂದರೆ ಗಿಡಕ್ಕೆ ಒಳ್ಳೇದು ಮಾಡುವ ಜೀವಂತ ಬ್ಯಾಕ್ಟೀರಿಯಾ ಇರುವ ಪುಡಿಗೆ. ಅದೂ ಎಲೆಗೆ ಹೊಡೆಯಲಿಕ್ಕಲ್ಲ, ಬೇರಿಗೆ.

ಹೋದ ವರ್ಷ ಇದೇ ಪುಡಿಯನ್ನು ಬಾಯಿಗೆ ಬಂದಂತೆ ಬೈದಿದ್ದೆ. ಶಿರಸಿ ಹತ್ತಿರ ನಮ್ಮ ಮನೆ. ಹಿತ್ತಲಿನ ಮೆಣಸಿನ ಗಿಡಗಳ ಚಿಗುರು ಮುರುಟಿತ್ತು. ಎಲೆಯ ಅಂಚು ಕೆಳಗೆ ಮಡಚಿತ್ತು, ಅಂದರೆ ನುಸಿ. ಮೇಲಕ್ಕೆ ಮಡಚಿದರೆ ಥ್ರಿಪ್ಸ್ ಎಂಬ ಸಣ್ಣ ಕೀಟ. ಲೀಟರಿಗೆ 10 ಗ್ರಾಂ ಪುಡಿ ಕಲಸಿ ಪಂಪಿಗೆ ಸುರಿದೆ. ಟಾಲ್ಕ್ ಪುಡಿ ಅಲ್ವಾ, ನಾಜಲ್ ಕಟ್ಟಿತು. ಬಿಚ್ಚಿದೆ, ಊದಿದೆ, ಸೂಜಿ ಹಾಕಿದೆ. ಮತ್ತೆ ಕಟ್ಟಿತು. ಹಳೇ ಪಂಚೆಯಲ್ಲಿ ಸೋಸಿ ಹೇಗೋ ಹೊಡೆದು ಮುಗಿಸಿದೆ. ಎರಡು ವಾರ ಬಿಟ್ಟು ನೋಡಿದರೆ ಚಿಗುರು ಇನ್ನೂ ಮುರುಟಿತ್ತು. ಅಂಗಡಿಯವ ಹಳೇ ಮಾಲು ದಾಟಿಸಿದ ಎಂದು ಕಂಡವರಿಗೆಲ್ಲ ಹೇಳಿದೆ. ಪ್ಯಾಕೆಟಿನ ತಾರೀಕು ಮಾತ್ರ ಸರಿಯಾಗೇ ಇತ್ತು.

ಆಮೇಲೊಂದು ದಿನ ಭಾವ ಬಂದವನು ಪಂಪಿನ ಮುಚ್ಚಳ ತೆಗೆದು ಒಳಗೆ ಬೆರಳಾಡಿಸಿದ. ಬೆರಳ ತುದಿ ನೀಲಿ! “ಭಾವಾ, ಇದರಲ್ಲಿ ಬೋರ್ಡೋ ಹೊಡೆದಿದ್ದೆ ಅಲ್ದಾ?” ಹೌದು, ಮೈಲುತುತ್ತ, ಸುಣ್ಣ ಕಲಸಿದ ಆ ದ್ರಾವಣವನ್ನು ಮಳೆಗಾಲದಲ್ಲಿ ಕಾಳುಮೆಣಸಿನ ಬಳ್ಳಿಗೆ ಹೊಡೆದಿದ್ದೆ. ಮೈಲುತುತ್ತ ಬ್ಯಾಕ್ಟೀರಿಯಾವನ್ನೂ ಬಿಡುವುದಿಲ್ಲ. ದುಡ್ಡು ಕೊಟ್ಟು ತಂದ ಜೀವವನ್ನು ನಾನೇ ಪಂಪಿಗೆ ಹಾಕಿ ಕೊಂದಿದ್ದೆ.

ಈ ಸಲ ಮೂರು ಸಾಲು, ಸಾಲಿಗೆ 30 ಗಿಡ. ಮೊದಲ ಸಾಲಿನ ಸಸಿಗಳ ಬೇರನ್ನು ಪುಡಿ ಕಲಸಿದ ನೀರಲ್ಲಿ ಅರ್ಧ ಗಂಟೆ ಅದ್ದಿ ನೆಟ್ಟೆ. ಅರ್ಧ ಕೆಜಿ ಪುಡಿಯನ್ನು 50 ಕೆಜಿ ಹಳೇ ಗೊಬ್ಬರಕ್ಕೆ ಬೆರೆಸಿ, ನೀರು ಚಿಮುಕಿಸಿ, ದರಕು (ಒಣ ಎಲೆ) ಮುಚ್ಚಿ, 15 ದಿನ ನೆರಳಲ್ಲಿಟ್ಟು ಬುಡಕ್ಕೆ ಹಾಕಿದೆ. ಇದು ನುಸಿಯನ್ನು ಕೊಲ್ಲುವ ಔಷಧ ಅಲ್ಲ. ಬೇರಿಗೆ ಅಂಟಿಕೊಂಡ ಬ್ಯಾಕ್ಟೀರಿಯಾ ಗಿಡವನ್ನು ಎಚ್ಚರ ಮಾಡಿ ಇಡುತ್ತದೆ. ನುಸಿ ರಸ ಹೀರಲು ಬಂದಾಗ ಗಿಡವೇ ಬೇಗ ಎದುರು ನಿಲ್ಲುತ್ತದೆ. ಹಾಗಾಗಿ ನೆಡುವಾಗಲೇ ಕೊಡಬೇಕು, ಮುರುಟಿದ ಮೇಲೆ ಸುರಿದರೆ ಸುಮ್ನೆ ದಂಡ. ಜನವರಿ ಕೊನೆಗೆ ಈ ಸಾಲಲ್ಲಿ ಮುರುಟಿದ್ದು 7 ಗಿಡ.

ಎರಡನೇ ಸಾಲಿಗೆ ಬ್ಯಾಸಿಲಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ದ್ರವ. ನೀರಿಗೆ ಬೆರೆಸಿ ಬುಡಕ್ಕೆ ಹೊಯ್ದರಾಯಿತು. 9 ಗಿಡ ಮುರುಟಿದವು, ಹೆಚ್ಚುಕಮ್ಮಿ ಅಷ್ಟೇ. ಸೆಕೆ ತಡೆಯುವುದರಲ್ಲಿ ಇದೇ ಗಟ್ಟಿ. ಆದರೆ ಬಾಟಲಿಗೆ ಪುಡಿಯ ಮೂರು ಪಟ್ಟು ದುಡ್ಡು. ಗೊಬ್ಬರಗುಂಡಿ ಇಲ್ಲದವರು ಇದನ್ನೇ ತರಲಿ.

ಮೂರನೇ ಸಾಲಿಗೆ ನೆಡುವಾಗ ಏನೂ ಹಾಕಲಿಲ್ಲ. 19 ಗಿಡ ಮುರುಟಿದ ಮೇಲೆ ನೀರಲ್ಲಿ ಕಲಸುವ ಗಂಧಕ, ಲೀಟರಿಗೆ 3 ಗ್ರಾಂ. ಕೆಲಸ ಬೇಗ ಆಗುತ್ತದೆ, ಸುಳ್ಳು ಹೇಳಬಾರದು. ಆದರೆ ಒಮ್ಮೆ ನಡುಮಧ್ಯಾಹ್ನ ಹೊಡೆದು ನಾಲ್ಕು ಗಿಡದ ಎಲೆ ಸುಟ್ಟೆ. ಹೊಡೆದ ಮೇಲೆ ಸಾರಿಗೆ ನಾಲ್ಕು ಕಾಯಿ ಕೊಯ್ಯಲೂ ಕಾಯಬೇಕು, ಅದು ನಮ್ಮ ಮನೆಯಲ್ಲಿ ನಡೆಯುವ ಮಾತಲ್ಲ.

ಪುಡಿಯ ಸಾಲಿನ ಆ 7 ಗಿಡಗಳಿಗೆ ಕೊನೆಗೆ ಗಂಧಕವನ್ನೇ ಹೊಡೆದೆ, ಸಂಜೆ ಹೊತ್ತಿಗೆ, ಹೊಸ ಕೈಪಂಪಿನಲ್ಲಿ. ಹಳೇ ಪಂಪಿನ ಮೇಲೆ ಭಾವ ಬಿಳಿ ಪೇಂಟಿನಲ್ಲಿ ‘ಬೋರ್ಡೋ ಮಾತ್ರ’ ಎಂದು ಬರೆದಿಟ್ಟಿದ್ದಾನೆ.