ಕಾಫಿ ಬುಡವನ್ನು ಡ್ರಿಫ್ಟ್‌ವುಡ್ ಅಂತ ಮಾರುತ್ತಿದ್ದಾರೆ, ಎಚ್ಚರ

ಡ್ರಿಫ್ಟ್‌ವುಡ್ ಅಂದರೆ ನೀರಲ್ಲಿ ತೇಲಿ ಬಂದ ಮರ, ಅಕ್ವೇರಿಯಂ ಅಲಂಕಾರಕ್ಕೆ ಬಳಸುತ್ತಾರೆ. ಗಿಡಗಳ ಅಕ್ವೇರಿಯಂ ಮಾಡುವವರು, ಅದರಲ್ಲೂ ಸಿಗಡಿ ಸಾಕುವವರು, ದಯವಿಟ್ಟು ಇದನ್ನು ಪೂರ್ತಿ ಓದಿ.

ಮಡಿಕೇರಿ ಕಡೆಯ ಮಾರಾಟಗಾರರೊಬ್ಬರಿಂದ ಒಂದು ಮರದ ಬುಡ ಕೊಂಡೆ. "ಹೊಳೆಯಲ್ಲಿ ಸಿಕ್ಕಿದ್ದು, ಕುದಿಸಿದ್ದೇನೆ, ಹಾಗೇ ಹಾಕಿ" ಎಂದರು. ಬೇರುಗಳು ಕವಲೊಡೆದು ನಾಲ್ಕೂ ಕಡೆ ಚಾಚಿದ್ದವು. ಜಪಾನಿನ ಅಕ್ವೇರಿಯಂ ವಿನ್ಯಾಸಕ ತಕಾಶಿ ಅಮಾನೊ ಅವರ ಶೈಲಿಯಲ್ಲಿ, ನಮ್ಮ ಬ್ರಹ್ಮಗಿರಿಯ ಶೋಲಾ ಕಾಡಿನ ತೊರೆಯೊಂದನ್ನು ಗಾಜಿನೊಳಗೆ ಮೂಡಿಸುವ ಆಸೆ ನನಗೆ. ಬೇರಿಗೆ ಜಾವಾ ಮಾಸ್ ಎಂಬ ಹಾವಸೆ ಕಟ್ಟಿದೆ, ಸಂದಿಗಳಲ್ಲಿ ಅನುಬಿಯಾಸ್ ಎಂಬ ನೀರುಗಿಡ ಕೂರಿಸಿದೆ. ನಿಜಕ್ಕೂ ಚೆಂದ ಇತ್ತು.

ಆಮೇಲೆ ಸಿಗಡಿಗಳು ಸಾಯತೊಡಗಿದವು. ಮೀನುಗಳಿಗೆ ಏನೂ ಆಗಲಿಲ್ಲ. ನೀರು ಕೆಟ್ಟಿದ್ದರೆ ಕಾಣುವ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ. ಕೊನೆಗೆ ನೀರಿನ ತಾಮ್ರ ಪತ್ತೆ ಮಾಡುವ ಕಾಪರ್ ಟೆಸ್ಟ್ ಕಿಟ್ ತರಿಸಿದೆ. ಟ್ಯಾಂಕಿನಲ್ಲಿ ತಾಮ್ರ! ನಲ್ಲಿ ನೀರಲ್ಲಿ ಇಲ್ಲ. ಬುಡವನ್ನು ಬೇರೆ ಬಕೆಟ್‌ನಲ್ಲಿ ನೆನೆಸಿಟ್ಟೆ, ಆ ನೀರಲ್ಲೂ ತಾಮ್ರ. ಜೋರು ಮಾಡಿ ಕೇಳಿದ ಮೇಲೆ, ಅದು ತೋಟದಲ್ಲಿ ಕಿತ್ತ ಅರೇಬಿಕಾ ಕಾಫಿ ಬುಡ ಅಂತ ಮಾರಿದವರೇ ಒಪ್ಪಿಕೊಂಡರು.

ಬಿಳಿ ಕಾಂಡಕೊರಕ ಹುಳ ಹತ್ತಿದ ಅರೇಬಿಕಾ ಗಿಡಗಳನ್ನು ಕಿತ್ತು ಹಾಕುತ್ತಾರೆ, ಹಾಗಾಗಿ ಬುಡಗಳಿಗೆ ಇಲ್ಲಿ ಬರವಿಲ್ಲ. ಆದರೆ ಎಲೆ ತುಕ್ಕು, ಕೊಳೆರೋಗಕ್ಕೆಂದು ತೋಟಗಳಿಗೆ ವರ್ಷ ವರ್ಷವೂ ಬೋರ್ಡೋ ದ್ರಾವಣ ಹೊಡೆಯುತ್ತಾರಲ್ವಾ? ಬೋರ್ಡೋ ಅಂದರೆ ಮೈಲುತುತ್ತ ಮತ್ತು ಸುಣ್ಣ. ಮೈಲುತುತ್ತದಲ್ಲಿರುವುದು ತಾಮ್ರ. ಅದು ತೊಗಟೆಗೆ ಅಂಟುತ್ತದೆ, ಬುಡದ ಮಣ್ಣಲ್ಲೂ ಕೂಡುತ್ತಾ ಹೋಗುತ್ತದೆ. ಕುದಿಸಿದರೆ ಹುಳ ಸಾಯಬಹುದು, ತಾಮ್ರ ಕರಗಿ ಹೋಗಿಬಿಡುವುದಿಲ್ಲ. ಮೀನು ತಡೆದುಕೊಳ್ಳುವಷ್ಟು ತಾಮ್ರವೂ ಸಿಗಡಿಗೆ ವಿಷ. ಮೃದು ನೀರಲ್ಲಿ, ಅಂದರೆ ಖನಿಜಾಂಶ ಕಡಿಮೆ ಇರುವ ನೀರಲ್ಲಿ, ಆ ವಿಷ ಇನ್ನೂ ಜಾಸ್ತಿ. ಇಷ್ಟು ಮಳೆ ಬೀಳುವ ಕೊಡಗಿನಲ್ಲಿ ತೊರೆ, ಬಾವಿಗಳ ನೀರು ಸಾಮಾನ್ಯವಾಗಿ ಮೃದುವೇ.

ಮರ ಕೊಳ್ಳುವ ಮುಂಚೆ ಯಾವ ಮರ, ಎಲ್ಲಿಂದ ತಂದಿದ್ದು ಅಂತ ಕೇಳಿ. ಉತ್ತರಿಸಲು ತಡವರಿಸಿದರೆ ಬಿಟ್ಟುಬಿಡಿ. ತಂದ ಮೇಲೂ ಬಕೆಟ್‌ನಲ್ಲಿ ಒಂದು ವಾರ ನೆನೆಸಿ, ಆ ನೀರನ್ನು ಕಿಟ್‌ನಲ್ಲಿ ನೋಡಿ. ಈಗಾಗಲೇ ಕಾಫಿ ಬುಡ ಹಾಕಿದ್ದರೆ ಇವತ್ತೇ ಹೊರಗೆ ತೆಗೆಯಿರಿ. ನೀರು ಬದಲಿಸಿದರೂ ಸಾಲದು, ತಳದ ಮಣ್ಣು ತಾಮ್ರ ಹಿಡಿದಿಟ್ಟುಕೊಳ್ಳುತ್ತದೆ. ಸಿಗಡಿ ಮತ್ತೆ ಬಿಡಬೇಕಾದರೆ ಅದನ್ನೂ ಬದಲಿಸಿ. ಬುಡವನ್ನು ಬಿಸಾಡಬೇಕಿಲ್ಲ, ಒಣಗಿಸಿ ಟೀಪಾಯಿ ಮಾಡಿಸಿ, ಅದಕ್ಕೆ ಅದು ಒಳ್ಳೆಯ ಮರ.