ಚಳಿಗೆ ಹಗುರ ಸ್ಟೌವ್: ನಾಲ್ಕು ಚಳಿಗಾಲ ಬಳಸಿದ ಮೇಲೆ

ಹಿಮ ಬೀಳುವ ಕಡೆ ಚಾರಣಕ್ಕೆ ಸ್ಟೌವ್ ಹುಡುಕುತ್ತಿದ್ದೀರಾ? ಮೊದಲು ತೂಕ ನೋಡಬೇಡಿ. ಗ್ಯಾಸ್ ಡಬ್ಬಿಯನ್ನು ತಲೆಕೆಳಗಾಗಿ ಇಟ್ಟು ಉರಿಸಬಹುದಾ ಅಂತ ನೋಡಿ.

ಮೊದಲು ನನ್ನ ಹತ್ತಿರ ಇದ್ದದ್ದು ಡಬ್ಬಿಯ ಮೇಲೇ ತಿರುಗಿಸಿ ಕೂರಿಸುವ ಪುಟ್ಟ ಸ್ಟೌವ್. ಸುಮಾರು 80 ಗ್ರಾಂ, ಮುಷ್ಟಿಯೊಳಗೆ ಹಿಡಿಯುತ್ತದೆ. ಬೇಸಿಗೆಗೆ ಈಗಲೂ ಅದನ್ನೇ ಒಯ್ಯುತ್ತೇನೆ. ಆದರೆ ಮೈನಸ್ 10 ಡಿಗ್ರಿಯ ಒಂದು ಬೆಳಗ್ಗೆ ಉರಿ ಸಣ್ಣಗಾಗುತ್ತಾ ಹೋಗಿ ದೀಪದ ಕುಡಿಯಷ್ಟಾಯಿತು. ಡಬ್ಬಿಯ ಹೊರಗೆಲ್ಲಾ ಬಿಳಿ ಹಿಮ ಕಟ್ಟಿತ್ತು, ಅಲ್ಲಾಡಿಸಿದರೆ ಒಳಗೆ ಗ್ಯಾಸ್ ಕುಲುಕುವುದು ಕೇಳಿಸುತ್ತಿತ್ತು, ಪಾತ್ರೆಯಲ್ಲಿ ಮಾತ್ರ ಅರ್ಧ ಹಿಮವೂ ಕರಗಿರಲಿಲ್ಲ.

ಡಬ್ಬಿಯಲ್ಲಿರುವುದು ಮಿಶ್ರಣ. ಪ್ರೊಪೇನ್ ಮೈನಸ್ 42ರಲ್ಲೇ ಕುದಿಯುತ್ತದೆ, ಐಸೊಬ್ಯೂಟೇನ್ ಮೈನಸ್ 12ರ ಹತ್ತಿರ, ಸಾದಾ ಬ್ಯೂಟೇನ್ ಸುಮಾರು ಸೊನ್ನೆಯಲ್ಲಿ. ನೆಟ್ಟಗೆ ಇಟ್ಟರೆ ಪ್ರೊಪೇನ್ ಬೇಗ ಬೇಗ ಖಾಲಿಯಾಗಿ ಉಳಿದದ್ದು ಮೇಲೇಳುವುದೇ ಇಲ್ಲ. ಗ್ಯಾಸ್ ಆವಿಯಾದಷ್ಟೂ ಡಬ್ಬಿ ಇನ್ನೂ ತಣ್ಣಗಾಗುತ್ತದೆ ಬೇರೆ.

ಈಗಿನದು ಪೈಪ್ ಇರುವ, ನೆಲದ ಮೇಲೆ ಕೂರುವ ಸ್ಟೌವ್. ತೂಕ ಮೊದಲಿನದರ ಎರಡರಷ್ಟಕ್ಕಿಂತ ಜಾಸ್ತಿ. ಡಬ್ಬಿ ತಲೆಕೆಳಗಾದಾಗ ಗ್ಯಾಸ್ ದ್ರವವಾಗಿಯೇ ಹರಿದು ಬರುತ್ತದೆ, ಉರಿಯ ಪಕ್ಕದಲ್ಲಿ ಹಾದುಹೋಗುವ ಸಣ್ಣ ಲೋಹದ ಕೊಳವೆಯಲ್ಲಿ ಬಿಸಿಯಾಗಿ ಆವಿಯಾಗುತ್ತದೆ. ಆ ಕೊಳವೆ ಇಲ್ಲದ ಸ್ಟೌವ್‌ನಲ್ಲಿ ಇದನ್ನು ಮಾಡಲೇಬೇಡಿ, ಉರಿ ಭಗ್ಗೆಂದು ಏಳುತ್ತದೆ. ನಾನು ನೆಟ್ಟಗೆ ಇಟ್ಟು ಹಚ್ಚಿ, ಅರ್ಧ ನಿಮಿಷ ಬಿಟ್ಟು, ಉರಿ ಸಣ್ಣ ಮಾಡಿ ನಿಧಾನಕ್ಕೆ ತಿರುಗಿಸುತ್ತೇನೆ. ಕೊನೆಯ ಹನಿಯವರೆಗೂ ಒಂದೇ ಸಮ ಉರಿಯುತ್ತದೆ. ಹಿಮ ಕರಗಿಸಿ ಕುದಿಸಲು ತಣ್ಣೀರು ಕುದಿಸುವುದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಗ್ಯಾಸ್ ಬೇಕಲ್ವಾ, ಅಲ್ಲಿ ಇದರ ಬೆಲೆ ಗೊತ್ತಾಗುತ್ತದೆ. (ಪಾತ್ರೆಯ ತಳದಲ್ಲಿ ಮೊದಲು ಸ್ವಲ್ಪ ನೀರು ಹಾಕಿ, ಬರೀ ಹಿಮ ಹಾಕಿದರೆ ತಳ ಸೀಯುತ್ತದೆ.) ಡಬ್ಬಿ ದೂರ ಇರುವುದರಿಂದ ಸುತ್ತಲೂ ಗಾಳಿತಡೆ ಕಟ್ಟಬಹುದು. ಹಳೆಯದಕ್ಕೆ ಹಾಗೆ ಕಟ್ಟಿದರೆ ಡಬ್ಬಿಯೇ ಕಾದು ಸಿಡಿಯಬಹುದು.

ಬೇಸರದ ಸಂಗತಿಗಳೂ ಇವೆ. ಗುಬುಟು ತಿರುಗಿಸಿ ಕೆಲವು ಸೆಕೆಂಡ್ ಆದ ಮೇಲೆ ಉರಿ ಬದಲಾಗುತ್ತದೆ, ಹಾಗಾಗಿ ಸಣ್ಣ ಉರಿಯ ಅಡುಗೆ ಕಷ್ಟ. ಕಿಡಿ ಹಾರಿಸುವ ಗುಂಡಿ ಎರಡನೇ ಚಳಿಗಾಲಕ್ಕೇ ಕೆಟ್ಟಿತು, ಈಗ ಲೈಟರ್ ಜೇಬಿನಲ್ಲೇ ಇರುತ್ತದೆ. ಕಾಲುಗಳು ಹಿಮದಲ್ಲಿ ಇಳಿಯುತ್ತವೆ, ಕೆಳಗೆ ಪ್ಲೈವುಡ್ ತುಂಡು ಬೇಕೇ ಬೇಕು.

ಮೈನಸ್ 20ಕ್ಕಿಂತ ಕೆಳಗೆ ಹೋಗುವವರು ಇದನ್ನು ನಂಬಬೇಡಿ, ಪಂಪ್ ಹೊಡೆಯುವ ವೈಟ್ ಗ್ಯಾಸ್ (ಹೆಸರು ಗ್ಯಾಸ್ ಆದರೂ ಪೆಟ್ರೋಲಿನಂಥ ದ್ರವ ಇಂಧನ) ಸ್ಟೌವ್ ತೆಗೆದುಕೊಳ್ಳಿ. ಯಾವುದೇ ಆಗಲಿ, ಎಷ್ಟೇ ಚಳಿ ಇರಲಿ, ಮುಚ್ಚಿದ ಟೆಂಟ್ ಒಳಗೆ ಹಚ್ಚಬೇಡಿ. ಉರಿಯಿಂದ ಬರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ.