ಹಳೆಯ ಗೇಮ್ ಉಚಿತ ಕೊಡುವುದು: ಶಾಶ್ವತವಾಗಿಯೋ, ಒಂದು ವಾರವೋ, ಸೋರ್ಸ್ ಕೋಡ್ ಮಾತ್ರವೋ?

ಹೊಸ ಭಾಗ ಬಾರದೆ ಮಲಗಿದ ಗೇಮ್ ಸರಣಿಯನ್ನು, ಅದರ ಹಳೆಯ ಗೇಮ್ ಉಚಿತ ಕೊಟ್ಟು ಎಬ್ಬಿಸಲು ಯಾವ ದಾರಿ ಎನ್ನುವುದು ಆ ಗೇಮ್‌ನಿಂದ ಈಗಲೂ ಎಷ್ಟು ಹಣ ಬರುತ್ತಿದೆ ಎನ್ನುವುದರ ಮೇಲೆ ನಿಂತಿದೆ.

ಮಾರಾಟ ಹೆಚ್ಚುಕಡಿಮೆ ನಿಂತಿದ್ದರೆ ಶಾಶ್ವತವಾಗಿ ಕೊಡಿ. ಗೇಮ್ ಕಂಪನಿ ಬೆಥೆಸ್ಡಾ ತನ್ನ ಎಲ್ಡರ್ ಸ್ಕ್ರೋಲ್ಸ್ ಸರಣಿಯ ಹಳೆಯ ಗೇಮ್‌ಗಳಲ್ಲಿ 2004ರಲ್ಲಿ ಅರೀನಾವನ್ನೂ 2009ರಲ್ಲಿ ಡ್ಯಾಗರ್‌ಫಾಲ್ ಅನ್ನೂ ಹೀಗೇ ಕೊಟ್ಟಿತು. ಇನ್ನೂ ನಾಲ್ಕು ಕಾಸು ಬರುತ್ತಿದ್ದರೆ ಒಂದು ವಾರದ ಕೊಡುಗೆ ಸಾಕು. ಆದರೆ ಹಾಗೆ ಪಡೆದ ಗೇಮ್ ಬಹಳಷ್ಟು ಜನರ ಗೇಮ್ ಪಟ್ಟಿಯಲ್ಲಿ ತೆರೆಯದೇ ಉಳಿಯುತ್ತದೆ, ಹಾಗಾಗಿ ಹೊಸ ಭಾಗದ ಘೋಷಣೆಗೆ ಹೊಂದಿಸಿಯೇ ಕೊಡಬೇಕು. ಉಚಿತ ಕೊಡುವ ಹಿಂದಿನ ತಿಂಗಳು ರಿಯಾಯಿತಿ ಮಾರಾಟ ಬೇಡ. ಆಗಷ್ಟೇ ದುಡ್ಡು ಕೊಟ್ಟವರು ಸಿಟ್ಟಾಗುತ್ತಾರೆ.

ಕೆಲಸ ಕೆಡುವುದು ಹೆಚ್ಚಾಗಿ ತಾಂತ್ರಿಕ ತಯಾರಿಯಲ್ಲಿ. ಹಳೆಯ 16 ಬಿಟ್ ಇನ್‌ಸ್ಟಾಲರ್ (ಗೇಮ್ ಹಾಕಿಕೊಳ್ಳುವ ಪ್ರೋಗ್ರಾಂ) ಇಂದಿನ 64 ಬಿಟ್ ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ತೆರೆಯುವುದಿಲ್ಲ. ವಿಂಡೋಸ್‌ಗೂ ಹಿಂದಿನ ಡಾಸ್ ವ್ಯವಸ್ಥೆಯ ಗೇಮ್ ಆದರೆ, ಅದನ್ನು ಇಂದಿನ ಯಂತ್ರದಲ್ಲಿ ಓಡಿಸುವ ಡಾಸ್‌ಬಾಕ್ಸ್ ಪ್ರೋಗ್ರಾಂ ಜೊತೆಗೇ ಕಟ್ಟಿ, ಒಂದೇ ಕ್ಲಿಕ್‌ಗೆ ಶುರುವಾಗುವಂತೆ ಮಾಡಿ. ಹೊಸ ಆಟಗಾರ ಮೊದಲ ಹತ್ತು ನಿಮಿಷ ಸೆಟ್ಟಿಂಗ್ಸ್‌ನಲ್ಲಿ ಒದ್ದಾಡಿದರೆ ವಾಪಸ್ ಬರುವುದಿಲ್ಲ.

ಸೋರ್ಸ್ ಕೋಡ್, ಅಂದರೆ ಗೇಮ್ ಬರೆದ ಪ್ರೋಗ್ರಾಂ ಸಾಲುಗಳನ್ನು, ಬಿಡುಗಡೆ ಮಾಡುವ ದಾರಿ ನಿಧಾನದ್ದು, ಬಾಳಿಕೆ ಮಾತ್ರ ದೊಡ್ಡದು. 1997ರಲ್ಲಿ ಕೋಡ್ ಬಿಡುಗಡೆಯಾದ ಡೂಮ್ ಗೇಮ್ ಇವತ್ತಿಗೂ ಹೊಸ ಯಂತ್ರಗಳಲ್ಲಿ ಓಡುತ್ತದೆ. ಚಿತ್ರ, ಹಂತ, ಸಂಗೀತದ ಹಕ್ಕು ನಿಮ್ಮಲ್ಲೇ ಉಳಿಯುವುದರಿಂದ ಮಾರಾಟವೂ ನಿಲ್ಲದು. ಹೊರಗಿನವರ ಲೈಬ್ರರಿಗಳನ್ನು, ಅಂದರೆ ಅವರು ಬರೆದ ಸಿದ್ಧ ಕೋಡ್ ಭಾಗಗಳನ್ನು, ಮೊದಲೇ ತೆಗೆಯಿರಿ: ಡೂಮ್‌ನಲ್ಲೂ ಧ್ವನಿಯ ಲೈಬ್ರರಿ ಬೇರೆಯವರದಾಗಿದ್ದರಿಂದ ಆ ಭಾಗ ಹೊರಗುಳಿಯಿತು. ಗೇಮ್ ಅನ್ನು ತಾವೇ ಬದಲಿಸಿ ಮಾಡ್ ಮಾಡುವ ಅಭಿಮಾನಿಗಳು ಈಗಾಗಲೇ ಇದ್ದರೆ ಈ ದಾರಿ ಹಿಡಿಯಿರಿ. ಅವರೇ ಇಲ್ಲದಿದ್ದರೆ ಕೋಡ್ ಮುಟ್ಟುವವರು ಸಿಗುವುದು ಕಷ್ಟ.